ಮೊಲವಿಲ್ಲದ ಮೊಲದಡುಗೆ

ಇಂಗ್ಲೆಂಡಿನ ಊಟದ ಮನೆಗಳಲ್ಲಿ ‘ವೆಲ್ಷ್ ರ‍್ಯಾಬಿಟ್’ ಎಂಬ ಹೆಸರಿನ ಭಕ್ಷ್ಯವೊಂದುಂಟು. ಹೆಸರನ್ನು ನಂಬಿ ಮೊಲದ ಮಾಂಸವನ್ನು ನಿರೀಕ್ಷಿಸುವವನ ಮುಂದೆ ಬಂದು ಕೂರುವುದು ಒಂದು ತುಂಡು ಸುಟ್ಟ ಬ್ರೆಡ್ಡು. ಅದರ ಮೇಲೆ ಬಿಯರು, ಸಾಸಿವೆ ಬೆರೆಸಿ ಕರಗಿಸಿ ಹೊಯ್ದ ಚೀಸ್. ಮೊಲದ ಸುಳಿವೇ ಇಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಈ ಹೆಸರು ಮೊದಲು ಕಾಣಿಸಿಕೊಳ್ಳುವುದು 1725ರಲ್ಲಿ. ಅದೊಂದು ಕುಚೋದ್ಯ. ವೇಲ್ಸ್ ನಾಡಿನವನು ಬಡವ, ಮೊಲವನ್ನು ಕೊಳ್ಳಲೂ ಗತಿಯಿಲ್ಲದವನು, ಅವನ ಪಾಲಿಗೆ ಚೀಸೇ ಮೊಲ ಎಂಬುದು ಅದರ ಧ್ವನಿ. ಆ ಶತಮಾನ ಮುಗಿಯುವ ಹೊತ್ತಿಗೆ ಯಾರೋ ಸಭ್ಯಸ್ಥರು ಈ ಹೆಸರನ್ನು ತೊಳೆದು ‘ರೇರ್‌ಬಿಟ್’, ಅಂದರೆ ಅಪರೂಪದ ತುತ್ತು, ಎಂದು ತಿದ್ದಿದರು. ಕುಚೋದ್ಯವೂ ಇಂಗ್ಲಿಷರದು, ತಿದ್ದುಪಡಿಯೂ ಇಂಗ್ಲಿಷರದು. ಅದನ್ನು ಉಣ್ಣುತ್ತಿದ್ದ ಜನ ಅದಕ್ಕೆ ಏನೆಂದು ಕರೆಯುತ್ತಿದ್ದರೆಂದು ಇಬ್ಬರೂ ಕೇಳಿದಂತೆ ಕಾಣುವುದಿಲ್ಲ. ಅವರು ಅದನ್ನು ‘ಕೌಸ್ ಪೊಬಿ’ ಎನ್ನುತ್ತಿದ್ದರು. ಬೆಂಕಿಯ ಮುಂದೆ ಹಿಡಿದು ಸುಟ್ಟ ಚೀಸ್ ಎಂಬುದಿಷ್ಟೇ ಅದರ ಅರ್ಥ.

ಈ ಕೌಸ್ ಪೊಬಿಯ ಮೇಲೆ ವೆಲ್ಷ್ ಜನರಿಗಿದ್ದ ಮೋಹವೂ ಇಂಗ್ಲಿಷರ ನಗೆಗೆ ವಸ್ತುವಾಗಿತ್ತು. 1526ರಲ್ಲಿ ಅಚ್ಚಾದ ಇಂಗ್ಲಿಷ್ ನಗೆಗತೆಗಳ ಸಂಗ್ರಹವೊಂದರಲ್ಲಿ ಒಂದು ಕಥೆಯಿದೆ. ಸ್ವರ್ಗದಲ್ಲಿ ವೆಲ್ಷ್ ಜನ ಹೆಚ್ಚಾಗಿ, ಅವರ ಗದ್ದಲ ತಾಳಲಾರದೆ ಉಳಿದವರು ಬೇಸತ್ತರಂತೆ. ಸಂತ ಪೀಟರನು ಬಾಗಿಲಿನಾಚೆ ಹೋಗಿ ‘ಕೌಸ್ ಪೊಬಿ’ ಎಂದು ಗಟ್ಟಿಯಾಗಿ ಕೂಗಿದ. ವೆಲ್ಷ್ ಜನರೆಲ್ಲ ತಟ್ಟೆಗೆ ಬಿತ್ತೆಂದೇ ತಿಳಿದು ಹೊರಗೋಡಿದರು. ಪೀಟರನು ಒಳಗೆ ಬಂದು ಬಾಗಿಲು ಹಾಕಿಕೊಂಡ. ಕಥೆಗೆ ನಾವೂ ನಗಬಹುದು. ಆದರೆ ನೆರೆಯವನನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳುವ ಕಥೆ ಅದು ಎಂಬುದನ್ನೂ ಗಮನಿಸಬೇಕು.

ವೇಲ್ಸ್ ಎಂಬ ಹೆಸರಿನ ಕಥೆಯೂ ಇಂಥದೇ. ಅದು ಹಳೆಯ ಇಂಗ್ಲಿಷಿನಲ್ಲಿ ‘ಪರಕೀಯ’ ಎಂಬರ್ಥದ ಪದದಿಂದ ಬಂದದ್ದು. ತಮ್ಮ ನೆಲದಲ್ಲಿ ತಾವೇ ಪರಕೀಯರೆನಿಸಿಕೊಂಡ ಆ ಜನ ತಮ್ಮ ನಾಡನ್ನು ಕರೆದುಕೊಳ್ಳುವುದು ‘ಕಮ್‌ರಿ’ ಎಂದು. ‘ಒಂದೇ ನಾಡಿನ ಒಡನಾಡಿಗಳು’ ಎಂಬುದು ಅದರ ಮೂಲಾರ್ಥ. ಹೀಗೆ ನಾಡಿಗೆ ಎರಡು ಹೆಸರು, ಊಟಕ್ಕೆ ಎರಡು ಹೆಸರು. ಒಂದು ನೆರೆಯವನು ಇಟ್ಟದ್ದು, ಇನ್ನೊಂದು ಮನೆಯೊಳಗಿನದು. ವೇಲ್ಸಿನ ಸಾಂಪ್ರದಾಯಿಕ ಅನ್ನಪಾನಗಳನ್ನು ಕುರಿತ ಈ ಮಾತಿನಲ್ಲಿ ನಾನು ಹಿಡಿದು ಹೊರಡುವುದು ಈ ಎರಡನೆಯ ಹೆಸರನ್ನು. ಆ ಜನ ಏನನ್ನು ಉಂಡರು, ಏಕೆ ಅದನ್ನೇ ಉಂಡರು, ಹೇಗೆ ಹಂಚಿಕೊಂಡರು ಎಂಬುದೆಲ್ಲ ಅದರೊಳಗೆ ಅಡಗಿದೆ.

ಮೊದಲು ನೆಲವನ್ನು ನೋಡೋಣ. ಬ್ರಿಟನ್ ದ್ವೀಪದ ಪಶ್ಚಿಮ ಅಂಚಿನಲ್ಲಿರುವ ಈ ನಾಡಿನ ಬಹುಭಾಗ ಬೆಟ್ಟಗುಡ್ಡ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳೆಲ್ಲ ಮೊದಲು ಸುರಿಯುವುದು ಇಲ್ಲಿ. ತಂಪು, ತೇವ, ತೆಳುವಾದ ಮಣ್ಣು. ಗೋಧಿ ಹಣ್ಣಾಗಲು ಬೇಕಾದ ಬಿಸಿಲು ಬೆಟ್ಟದ ಮೇಲೆ ಸಿಕ್ಕುವುದಿಲ್ಲ. ಸಿಕ್ಕಷ್ಟು ಬಿಸಿಲಿನಲ್ಲಿ ಬೆಳೆಯುವ ಧಾನ್ಯಗಳು ಓಟ್ಸ್ ಮತ್ತು ಬಾರ್ಲಿ. ಹುಲ್ಲಿಗಂತೂ ಕೊರತೆಯಿಲ್ಲ, ಆದ್ದರಿಂದ ದನ, ಕುರಿ, ಹಾಲು. ಓಟ್ಸ್ ಮತ್ತು ಹಾಲು, ಈ ಎರಡರ ಮೇಲೆಯೇ ಬಡ ರೈತನ ಊಟ ನಿಂತಿತ್ತು. ಬೆಣ್ಣೆಯನ್ನೂ ಒಳ್ಳೆಯ ಚೀಸನ್ನೂ ಸಂತೆಗೆ ಒಯ್ದು ಗೇಣಿಯ ಹಣ ಹೊಂದಿಸಬೇಕು. ಮನೆಗೆ ಉಳಿಯುತ್ತಿದ್ದದ್ದು ಮಜ್ಜಿಗೆ.

ಈ ಮಜ್ಜಿಗೆಯಿಂದ ಅವರು ಎಷ್ಟೆಲ್ಲ ಮಾಡಿಕೊಂಡರೆಂಬುದು ನಮ್ಮವರಿಗೆ ಹಿಡಿಸುವ ಸಂಗತಿ. ಓಟ್ಸ್ ಹಿಟ್ಟಿನ ತೆಳು ರೊಟ್ಟಿಯನ್ನು ಕಾವಲಿಯ ಮೇಲೆ ಬೇಯಿಸಿ, ಗರಿಗರಿಯಾಗಿ ಒಣಗಿಸಿ, ಪುಡಿಮಾಡಿ, ತಣ್ಣನೆಯ ಮಜ್ಜಿಗೆಯಲ್ಲಿ ಕಲಸಿದರೆ ಒಂದು ಊಟ. ಬೇಸಗೆಯಲ್ಲಿ ಹೊಲದ ಕೆಲಸದವರಿಗೆ ಅದೇ ತಂಪು. ಕೆಲವು ಕಡೆ ಅದಕ್ಕೆ ‘ಶೊಟ್’ ಎಂದು ಹೆಸರು, ಕೆಲವು ಕಡೆ ‘ಪಿಕೂಸ್ ಮಾಲಿ’. ಹೊಸ ಆಲೂಗಡ್ಡೆಯನ್ನು ಬೇಯಿಸಿ ಬಟ್ಟಲಿಗೆ ಹಾಕಿ ಮೇಲೆ ಮಜ್ಜಿಗೆ ಹೊಯ್ದರೆ ಇನ್ನೊಂದು ಊಟ.

ಮೂರನೆಯದು ‘ಲ್ಹಮ್ರಿ’. ಓಟ್ಸಿನ ಹೊಟ್ಟನ್ನು, ಅದಕ್ಕಂಟಿದ ಹಿಟ್ಟಿನೊಡನೆ, ನೀರು ಮಜ್ಜಿಗೆಯಲ್ಲಿ ಕೆಲವು ದಿನ ನೆನೆಯಿಟ್ಟು ಹುಳಿಬರಿಸಿ, ಸೋಸಿ, ಆ ನೀರನ್ನು ಗಟ್ಟಿಯಾಗುವವರೆಗೆ ತಿರುವುತ್ತ ಕುದಿಸುತ್ತಿದ್ದರು. ಆರಿದ ಮೇಲೆ ಹಾಲಿನೊಂದಿಗೋ ಕಾಕಂಬಿಯೊಂದಿಗೋ ಉಣ್ಣುವುದು. ಬಿಸಾಡಬೇಕಾದ ಹೊಟ್ಟಿನಿಂದಲೂ ಸತ್ತ್ವವನ್ನು ಹಿಂಡಿ ತೆಗೆದ ಅಡುಗೆಯಿದು. ಅಂಬಲಿಯನ್ನು ಬಲ್ಲ ನಮಗೆ ಇದರ ಬುದ್ಧಿವಂತಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಲ್ಹಮ್ರಿ ಗಡಿ ದಾಟಿ ಇಂಗ್ಲೆಂಡಿಗೆ ಹೋದಾಗ ‘ಫ್ಲಮರಿ’ ಆಯಿತು. ವೆಲ್ಷ್ ಭಾಷೆಯ ‘ಲ್ಹ’ಕಾರವು ನಾಲಗೆಯ ಪಕ್ಕದಿಂದ ಉಸಿರು ಹೊರಡಿಸಿ ನುಡಿಯುವ ವಿಚಿತ್ರ ಧ್ವನಿ. ಇಂಗ್ಲಿಷ್ ಕಿವಿಗೆ ಅದು ‘ಫ್ಲ’ ಎಂದು ಕೇಳಿಸುತ್ತದೆ. ಅಲ್ಲಿ ಶ್ರೀಮಂತರ ಮೇಜಿಗೆ ಹೋದ ಫ್ಲಮರಿ ಸಿಹಿ ಖಾದ್ಯವಾಗಿ ಬದಲಾಯಿತು. ಮುಂದೆ ಆ ಪದಕ್ಕೆ ಪೊಳ್ಳುಮಾತು, ಮುಖಸ್ತುತಿ ಎಂಬ ಅರ್ಥಗಳೂ ಬಂದವು. ಬಡವನ ಹೊಟ್ಟೆ ತುಂಬಿಸಿದ ಗಂಜಿಯ ಹೆಸರು ನೆರೆಯವನ ಭಾಷೆಯಲ್ಲಿ ಪೊಳ್ಳುಮಾತಿನ ಹೆಸರಾಯಿತೆಂದರೆ, ಪದಗಳಿಗೂ ದುರದೃಷ್ಟವಿರುತ್ತದೆ ಎನ್ನಬೇಕು.

ಷೇಕ್ಸ್‌ಪಿಯರನನ್ನು ಓದಿದವರಿಗೆ ಈ ‘ಫ್ಲ’ಕಾರ ಪರಿಚಿತವೇ. ‘ಐದನೆಯ ಹೆನ್ರಿ’ ನಾಟಕದಲ್ಲಿ ಫ್ಲೂಎಲೆನ್ ಎಂಬ ವೆಲ್ಷ್ ಸೇನಾನಿಯೊಬ್ಬನುಂಟಲ್ಲವೆ? ಅವನ ಹೆಸರು ನಿಜವಾಗಿ ಲ್ಹವೆಲಿನ್. ಲ್ಹಮ್ರಿ ಫ್ಲಮರಿಯಾದಂತೆಯೇ ಲ್ಹವೆಲಿನ್ ಫ್ಲೂಎಲೆನ್ ಆದ. ವೆಲ್ಷ್ ಜನ ತಮ್ಮ ನಾಡಿನ ಪೋಷಕ ಸಂತ ಡೇವಿಡ್ಡನ ಹಬ್ಬದಂದು, ಮಾರ್ಚ್ 1ರಂದು, ಲೀಕ್ ಎಂಬ ಗಿಡವನ್ನು ಟೋಪಿಗೆ ಸಿಕ್ಕಿಸಿಕೊಳ್ಳುವ ಪದ್ಧತಿ. ಲೀಕ್ ಈರುಳ್ಳಿಯ ಜಾತಿಯದು. ಗಡ್ಡೆ ಕಟ್ಟದೆ ದಪ್ಪನೆಯ ಬಿಳಿ ಕಾಂಡವಾಗಿ ಬೆಳೆಯುತ್ತದೆ. ಪಿಸ್ಟಲ್ ಎಂಬ ಬಡಾಯಿಕೋರ ಇದನ್ನು ಹಾಸ್ಯಮಾಡುತ್ತಾನೆ. ಫ್ಲೂಎಲೆನ್ ಅವನನ್ನು ಥಳಿಸಿ, ಹಸಿ ಲೀಕನ್ನು ಅವನ ಕೈಯಿಂದಲೇ ತಿನ್ನಿಸುತ್ತಾನೆ. ನೆರೆಯವನ ಊಟವನ್ನು ಹೀಗಳೆದವನಿಗೆ ಅದನ್ನೇ ಉಣಬಡಿಸುವ ಈ ದೃಶ್ಯ ಬಂದದ್ದು ಇಂಗ್ಲಿಷ್ ಕವಿಯ ಲೇಖನಿಯಿಂದಲೇ ಎಂಬುದು ಸಂತೋಷದ ವಿಷಯ.

ಲೀಕಿನ ನಿಜವಾದ ಸ್ಥಾನ ಟೋಪಿಯಲ್ಲ, ‘ಕೌಲ್’ ಎಂಬ ಸಾರಿನ ಪಾತ್ರೆ. ವೇಲ್ಸಿನ ರಾಷ್ಟ್ರೀಯ ಖಾದ್ಯವೆಂದು ಒಂದನ್ನೇ ಹೆಸರಿಸಬೇಕಾದರೆ ಅದು ಕೌಲ್. ಉಪ್ಪು ಹಾಕಿಟ್ಟ ಹಂದಿಮಾಂಸ, ದನದ ಮಾಂಸ ಅಥವಾ ಕುರಿಮಾಂಸದ ಒಂದು ತುಂಡು, ಆಲೂಗಡ್ಡೆ, ಗಜ್ಜರಿ, ಟರ್ನಿಪ್ ಜಾತಿಯ ಗಡ್ಡೆ, ಕೊನೆಯಲ್ಲಿ ಲೀಕ್, ಇವೆಲ್ಲ ಒಲೆಯ ಮೇಲೆ ತೂಗುಹಾಕಿದ ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಬೇಯುತ್ತಿದ್ದವು. ಮೊದಲು ತಿಳಿಸಾರನ್ನು ಮರದ ಬಟ್ಟಲಿನಲ್ಲಿ ಕುಡಿಯುವುದು, ಆಮೇಲೆ ಮಾಂಸ ತರಕಾರಿಗಳನ್ನು ಬೇರೆಯಾಗಿ ಉಣ್ಣುವುದು. ಮಾಂಸ ತಿಂದರೇನು, ಸಾರು ಕುಡಿದರೇನು, ಎರಡೂ ಒಂದೇ ಎಂಬರ್ಥದ ಗಾದೆ ಅವರಲ್ಲಿದೆ. ಮಾಂಸ ಎಲ್ಲರ ಪಾಲಿಗೂ ಬರುವಷ್ಟಿರಲಿಲ್ಲ ಎಂಬ ಸತ್ಯವೂ ಆ ಗಾದೆಯೊಳಗಿದೆ. ಉಳಿದ ಕೌಲನ್ನು ಮರುದಿನ ಬಿಸಿಮಾಡಿದರೆ ರುಚಿ ಇಮ್ಮಡಿಯೆಂದು ಹೇಳಿ, ಅದಕ್ಕೆ ‘ಎರಡನೆಯ ಕಾವಿನ ಕೌಲ್’ ಎಂದು ಪ್ರತ್ಯೇಕ ಹೆಸರನ್ನೇ ಇಟ್ಟರು.

ಆ ಮಾಂಸವೂ ಬಂದದ್ದು ಅಂಗಡಿಯಿಂದಲ್ಲ. ಬಡವರ ಗುಡಿಸಲಿಗೂ ಒಂದು ಹಂದಿಯಿರುತ್ತಿತ್ತು. ಚಳಿಗಾಲದ ಮುಖದಲ್ಲಿ ಅದನ್ನು ಕಡಿದು, ಮಾಂಸಕ್ಕೆ ಉಪ್ಪು ತಿಕ್ಕಿ, ಜಂತೆಗೆ ತೂಗುಬಿಡುತ್ತಿದ್ದರು. ಉಪ್ಪಿಗೆ ಒಗ್ಗದ ಭಾಗಗಳನ್ನು ನೆರೆಹೊರೆಗೆ ಹಂಚುವುದು ವಾಡಿಕೆ. ನೆರೆಯವರ ಮನೆಯಲ್ಲಿ ಹಂದಿ ಕಡಿದಾಗ ಆ ಪಾಲು ಹಿಂದಿರುಗಿ ಬರುತ್ತಿತ್ತು. ಲೆಕ್ಕದ ಪುಸ್ತಕವಿಲ್ಲದ ಬ್ಯಾಂಕು ಅದು. ಕೌಲ್ ಉಣ್ಣಲು ಬಳಸುತ್ತಿದ್ದ ಮರದ ಚಮಚವೂ ಬರಿಯ ಚಮಚವಾಗಿ ಉಳಿಯಲಿಲ್ಲ. ಯುವಕರು ಅದರ ಹಿಡಿಯಲ್ಲಿ ಹೃದಯ, ಸರಪಳಿ, ಬೀಗದ ಕೈಗಳನ್ನು ಕೆತ್ತಿ ಮೆಚ್ಚಿದ ಹುಡುಗಿಗೆ ಕೊಡುವ ಪ್ರೇಮದ ಚಮಚವಾಯಿತು. 1667ರ ಇಸವಿಯನ್ನು ಕೊರೆದ ಅಂಥ ಚಮಚವೊಂದು ಕಾರ್ಡಿಫ್ ನಗರದ ಬಳಿಯ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿದೆ.

ಬೆಟ್ಟದಿಂದ ಕಡಲಿಗೆ ಇಳಿದರೆ ಊಟ ಬೇರೆಯಾಗುತ್ತದೆ. ದಕ್ಷಿಣ ಮತ್ತು ಪಶ್ಚಿಮ ತೀರದ ಬಂಡೆಗಳ ಮೇಲೆ ಕೆಂಗಪ್ಪು ಬಣ್ಣದ, ರೇಷ್ಮೆಯಂತೆ ತೆಳುವಾದ ಕಡಲಪಾಚಿಯೊಂದು ಬೆಳೆಯುತ್ತದೆ. ಇಳಿತದ ವೇಳೆಯಲ್ಲಿ ಅದನ್ನು ಕಿತ್ತು, ಮರಳು ಹೋಗುವಂತೆ ಮತ್ತೆ ಮತ್ತೆ ತೊಳೆದು, ಗಂಟೆಗಟ್ಟಲೆ ಬೇಯಿಸಿದರೆ ಕಪ್ಪುಹಸಿರಿನ ಮುದ್ದೆಯಾಗುತ್ತದೆ. ಇದೇ ‘ಬಾರಾ ಲೌರ್’. ‘ಬಾರಾ’ ಎಂದರೆ ರೊಟ್ಟಿ. ಆದರೆ ಇದರಲ್ಲಿ ರೊಟ್ಟಿಯಿಲ್ಲ. ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿ, ಹಂದಿಯ ಕೊಬ್ಬಿನಲ್ಲಿ ಕರಿದು, ಬೆಳಗಿನ ಊಟಕ್ಕೆ ಬಡಿಸುತ್ತಾರೆ. ಜೊತೆಗೆ ಕಾಕಲ್ ಎಂಬ ಚಿಪ್ಪುಜೀವಿ, ನಮ್ಮ ಕರಾವಳಿಯ ಮರುವಾಯಿಯ ಬಂಧು. ಸ್ವಾನ್‌ಸೀ ಪಟ್ಟಣದ ಪಕ್ಕದ ಪೆನ್‌ಕ್ಲೌದ್ ಹಳ್ಳಿಯಲ್ಲಿ ಈ ಕಾಕಲ್ ಹೆಕ್ಕುವುದು ಹೆಂಗಸರ ಕಸುಬಾಗಿತ್ತು. ಕತ್ತೆಗಳನ್ನು ಹೊಡೆದುಕೊಂಡು ಮೈಲಿಗಟ್ಟಲೆ ಮರಳಿನಲ್ಲಿ ನಡೆದು, ಮರಳು ಕೆದಕಿ, ಜರಡಿ ಹಿಡಿದು, ಸಣ್ಣವನ್ನು ಬೆಳೆಯಲೆಂದು ಅಲ್ಲಿಯೇ ಬಿಟ್ಟು, ದೊಡ್ಡವನ್ನು ತಂದು ಬೇಯಿಸಿ, ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಸ್ವಾನ್‌ಸೀ ಮಾರುಕಟ್ಟೆಗೆ ಹೋಗುತ್ತಿದ್ದರು. ಕೆರ ಸವೆಯಬಾರದೆಂದು ಬರಿಗಾಲಲ್ಲಿ ನಡೆದು, ಪಟ್ಟಣದ ಅಂಚಿನ ಹಳ್ಳದಲ್ಲಿ ಕಾಲು ತೊಳೆದುಕೊಂಡು ಕೆರ ಮೆಟ್ಟುತ್ತಿದ್ದರಂತೆ. ಆ ಜಾಗಕ್ಕೆ ಇಂದಿಗೂ ‘ತೊಳೆಯುವ ತಾಣ’ ಎಂಬರ್ಥದ ಹೆಸರಿದೆ.

ಈ ಕಡಲಪಾಚಿಯ ಕುಲದಿಂದ ದೂರದ ಜಪಾನಿಗೊಂದು ಉಪಕಾರವಾಯಿತು. ಜಪಾನೀಯರ ಪ್ರಿಯವಾದ ನೋರಿ ಇದೇ ಕುಲದ್ದು. ಅಲ್ಲಿನ ರೈತರು ಅದನ್ನು ಬೆಳೆಯುತ್ತಿದ್ದರಾದರೂ ಅದರ ಮೊಳಕೆ ಎಲ್ಲಿಂದ ಬರುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಬ್ರಿಟಿಷ್ ತೀರದ ಪಾಚಿಯನ್ನು ಅಭ್ಯಾಸ ಮಾಡಿದ ಕ್ಯಾಥ್ಲೀನ್ ಡ್ರೂ ಎಂಬ ವಿಜ್ಞಾನಿ, ಚಿಪ್ಪುಗಳ ಮೇಲೆ ಬೆಳೆಯುವ, ಬೇರೆಯೇ ಜೀವಿಯೆಂದು ಎಲ್ಲರೂ ತಿಳಿದಿದ್ದ ಗುಲಾಬಿ ಬಣ್ಣದ ಸಸ್ಯವೇ ಇದರ ಎಳವೆಯೆಂದು 1949ರಲ್ಲಿ ತೋರಿಸಿದಳು. ಅದರಿಂದ ಜಪಾನಿನ ನೋರಿ ಬೇಸಾಯ ಅದೃಷ್ಟದಾಟದಿಂದ ಪಾರಾಯಿತು. 1963ರಲ್ಲಿ ಅಲ್ಲಿನ ಜನ ಊಟೊ ಎಂಬ ಊರಿನಲ್ಲಿ ಆಕೆಗೊಂದು ಸ್ಮಾರಕ ಕಟ್ಟಿಸಿದರು. ಆಕೆಯಾದರೋ ಜಪಾನನ್ನು ಕಂಡವಳೇ ಅಲ್ಲ.

ಇನ್ನು ಕಾವಲಿ. ಬ್ರೆಡ್ ಸುಡುವ ಗೂಡು ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ. ಕಾವಲಿ ಎಲ್ಲರ ಮನೆಯಲ್ಲೂ ಇತ್ತು. ಮೊದಲು ಕಲ್ಲಿನದಾಗಿದ್ದು ಆಮೇಲೆ ಕಬ್ಬಿಣದ್ದಾದರೂ ಕೆಲವು ಸೀಮೆಗಳಲ್ಲಿ ಅದರ ಹೆಸರು ‘ಮೈನ್’, ಅಂದರೆ ಕಲ್ಲು, ಎಂದೇ ಉಳಿಯಿತು. ಇತರ ಸೀಮೆಗಳಲ್ಲಿ ಅದನ್ನೇ ‘ಪ್ಲಾಂಕ್’ ಎಂದೂ ಬೇರೆ ಹೆಸರುಗಳಿಂದಲೂ ಕರೆಯುತ್ತಾರೆ. ಹಿಟ್ಟು, ಬೆಣ್ಣೆ, ಒಣದ್ರಾಕ್ಷಿ, ಚೂರು ಮಸಾಲೆ ಕಲಸಿ ಇದರ ಮೇಲೆ ಸುಟ್ಟ ಬಿಲ್ಲೆಗಳನ್ನು ಪ್ರಪಂಚ ‘ವೆಲ್ಷ್ ಕೇಕ್’ ಎನ್ನುತ್ತದೆ. ಮನೆಯವರು ‘ಕಲ್ಲಿನ ಮೇಲಿನ ಬಿಲ್ಲೆ’ ಎನ್ನುತ್ತಾರೆ. ಬ್ರೆಡ್ ಸುಡುವ ದಿನ ಕೊನೆಗೆ ಉಳಿದ ಕಣಕಕ್ಕೆ ಒಣದ್ರಾಕ್ಷಿ ಸೇರಿಸಿ ಮಕ್ಕಳಿಗಾಗಿ ಮಾಡುತ್ತಿದ್ದದ್ದು ‘ಬಾರಾ ಬ್ರೀತ್’, ಚುಕ್ಕೆಯ ರೊಟ್ಟಿ. ಒಣಹಣ್ಣನ್ನು ಚಹಾದಲ್ಲಿ ನೆನೆಸಿ ಮಾಡುವ ಪದ್ಧತಿ ಆಮೇಲೆ ಬಂತು.

ಈ ರೊಟ್ಟಿ ಕಡಲನ್ನೂ ದಾಟಿದೆ. 1865ರಲ್ಲಿ ಸುಮಾರು 150 ಮಂದಿ ವೆಲ್ಷ್ ಜನ, ತಮ್ಮ ಭಾಷೆ ಧರ್ಮಗಳನ್ನು ಉಳಿಸಿಕೊಂಡು ಬಾಳುವ ನೆಲವನ್ನು ಹುಡುಕುತ್ತ, ‘ಮಿಮೋಸ’ ಎಂಬ ಹಡಗಿನಲ್ಲಿ ಲಿವರ್‌ಪೂಲಿನಿಂದ ಹೊರಟು ದಕ್ಷಿಣ ಅಮೆರಿಕದ ಪೆಟಗೋನಿಯಕ್ಕೆ ಹೋಗಿ ನೆಲೆಸಿದರು. ಅರ್ಜೆಂಟೀನದ ಆ ಸೀಮೆಯ ಚಹಾದ ಮನೆಗಳಲ್ಲಿ ಇಂದಿಗೂ ಒಣಹಣ್ಣಿನ ಕಪ್ಪು ಕೇಕ್ ಸಿಗುತ್ತದೆ. ಅದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ‘ವೆಲ್ಷ್ ಕೇಕ್’ ಎಂಬ ಹೆಸರು. ಅಲ್ಲಿಯೂ ಹೆಸರಿಟ್ಟವರು ನೆರೆಯವರೇ. ಆದರೆ ಈ ಸಲ ಕುಚೋದ್ಯವಿಲ್ಲ.

ಊರಿನಲ್ಲಿ ಉಳಿದವರ ಪಾಲಿಗೆ ಕಲ್ಲಿದ್ದಲು ಬಂತು. 1913ರಲ್ಲಿ ದಕ್ಷಿಣ ವೇಲ್ಸಿನ ಗಣಿಗಳು ಸುಮಾರು 5 ಕೋಟಿ 70 ಲಕ್ಷ ಟನ್ ಕಲ್ಲಿದ್ದಲನ್ನು ಹೊರತೆಗೆದವು. ರೈತನ ಮಗ ನೆಲದಡಿಗೆ ಇಳಿದ. ಅವನ ಊಟದ ಡಬ್ಬಿ ಬ್ರೆಡ್ಡಿನ ತುಂಡಿನ ಆಕಾರದ್ದು. ಇಲಿಗಳ ಕಾಟಕ್ಕಾಗಿ ಬಿಗಿಯಾಗಿ ಮುಚ್ಚುವ ತಗಡಿನದು. ಅದರೊಳಗೆ ಬ್ರೆಡ್ಡು ಮತ್ತು ಕೇರ್‌ಫಿಲಿ ಚೀಸ್. ಬೆಳ್ಳಗೆ, ತೇವವಾಗಿ, ಉಪ್ಪುಪ್ಪಾಗಿರುವ ಈ ಚೀಸ್ ಗಣಿಯ ಧೂಳಿನಲ್ಲಿ ಒಣಗಿಹೋಗದು, ಬೆವರಿಳಿಸಿದವನಿಗೆ ಉಪ್ಪನ್ನೂ ಕೊಡುವುದು. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರ ಹಾಲನ್ನೆಲ್ಲ ಗಟ್ಟಿ ಚೀಸಿಗೆ ತಿರುಗಿಸಿದ್ದರಿಂದ ಕೇರ್‌ಫಿಲಿ ನಿಂತೇಹೋಯಿತು. ಯುದ್ಧಾನಂತರ ಅದು ಹೆಚ್ಚಾಗಿ ತಯಾರಾದದ್ದು ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ. ಅಲ್ಲಿಂದ ಮನೆಗೆ ಮರಳಲು ದಶಕಗಳೇ ಹಿಡಿದವು. ವೇಲ್ಸಿನಲ್ಲಿ ಮಾಡಿದ ಸಾಂಪ್ರದಾಯಿಕ ಕೇರ್‌ಫಿಲಿಗೆ ಐರೋಪ್ಯ ಒಕ್ಕೂಟದ ರಕ್ಷಣೆ ದೊರೆತದ್ದು 2018ರಲ್ಲಿ.

ಇನ್ನು ಪಾನದ ಮಾತು. ಜೇನನ್ನು ಹುಳಿಬರಿಸಿ ಮಾಡಿದ ಮದ್ಯಕ್ಕೆ ವೆಲ್ಷ್ ಭಾಷೆಯಲ್ಲಿ ‘ಮೇದ್’ ಎಂದು ಹೆಸರು. ಕೇಳಿದೊಡನೆ ನಮ್ಮ ಕಿವಿ ನಿಮಿರುತ್ತದೆ. ಅದು ಸಂಸ್ಕೃತದ ‘ಮಧು’ವಿನ ಒಡಹುಟ್ಟು. ಸಂಸ್ಕೃತಕ್ಕೂ ಐರೋಪ್ಯ ಭಾಷೆಗಳಿಗೂ ಮೂಲ ಒಂದೇ ಇರಬೇಕೆಂದೂ, ವೆಲ್ಷ್ ಸೇರಿದ ಕೆಲ್ಟಿಕ್ ಬಳಗವೂ ಅದರದೇ ಇರಬಹುದೆಂದೂ 1786ರಲ್ಲಿ ಕಲಕತ್ತೆಯಲ್ಲಿ ನುಡಿದ ಸರ್ ವಿಲಿಯಂ ಜೋನ್ಸ್, ವೇಲ್ಸಿನ ಆಂಗಲ್‌ಸಿ ದ್ವೀಪದಿಂದ ಬಂದ ತಂದೆಯ ಮಗ. ಹಳೆಯ ವೆಲ್ಷ್ ಕಾವ್ಯದಲ್ಲಿ ಮೇದ್ ಬರಿಯ ಪಾನವಲ್ಲ, ಋಣ. ಅನೈರಿನ್ ಕವಿಯದೆಂದು ಹೇಳುವ ‘ಗೊದೊದಿನ್’ ಕಾವ್ಯದಲ್ಲಿ ವೀರರು ಒಂದು ವರ್ಷ ಒಡೆಯನ ಮೇದ್ ಕುಡಿದು, ಆಮೇಲೆ ಯುದ್ಧಕ್ಕೆ ಹೋಗಿ, ಪ್ರಾಣದಿಂದ ಆ ಋಣವನ್ನು ತೀರಿಸುತ್ತಾರೆ. ಹತ್ತನೆಯ ಶತಮಾನದ ದೊರೆ ಹವೆಲ್ ದಾನ ಹೆಸರಿನಲ್ಲಿ ಬಂದಿರುವ ಶಾಸನಗಳಲ್ಲಿ ಮೇದ್ ತಯಾರಿಸುವವನು ಆಸ್ಥಾನದ ಅಧಿಕಾರಿಗಳಲ್ಲೊಬ್ಬ. ಪ್ರಜೆಗಳು ದೊರೆಗೆ ಕೊಡಬೇಕಾದ ಕಾಣಿಕೆಯಲ್ಲಿ ಮೇದಿಗೆ ಮೊದಲ ಸ್ಥಾನ. ಜೇನು ಮಸಾಲೆ ಬೆರೆಸಿದ ಬಿಯರು ಅದಕ್ಕಿಂತ ಕೆಳಗೆ. ಬರಿಯ ಬಿಯರು ಇನ್ನೂ ಕೆಳಗೆ.

ಇಂಥ ನಾಡಿನ ಪೋಷಕ ಸಂತನಿಗೆ ‘ನೀರು ಕುಡಿಯುವ ಡೇವಿಡ್’ ಎಂಬ ಬಿರುದು! ಆತ ರೊಟ್ಟಿ, ಸೊಪ್ಪು, ನೀರು ಇಷ್ಟರಲ್ಲೇ ಬಾಳಿದನಂತೆ. ವೇಲ್ಸಿನ ಪಾನಚರಿತ್ರೆಯೆಲ್ಲ ಈ ವೀರರಿಗೂ ಆ ಸಂತನಿಗೂ ನಡೆದ ಜಗ್ಗಾಟವೆನ್ನಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂತನ ಕೈ ಮೇಲಾಯಿತು. 1867ರಲ್ಲಿ ಅಡುಗೆಯ ಪುಸ್ತಕ ಬರೆದು ವೆಲ್ಷ್ ಉಡುಗೆ ಭಾಷೆಗಳನ್ನು ಎತ್ತಿಹಿಡಿದ ಲೇಡಿ ಲನೋವರ್ ತನ್ನ ಜಮೀನಿನ ಹೆಂಡದಂಗಡಿಗಳನ್ನು ಮುಚ್ಚಿಸಿದಳು. ಪ್ರಾರ್ಥನಾಮಂದಿರಗಳ ಪಾನನಿರೋಧ ಚಳವಳಿಯ ಫಲವಾಗಿ 1881ರಲ್ಲಿ, ಭಾನುವಾರ ವೇಲ್ಸಿನಲ್ಲಿ ಮದ್ಯದಂಗಡಿ ತೆರೆಯಕೂಡದೆಂಬ ಕಾಯಿದೆ ಬಂತು. ಆಧುನಿಕ ಕಾಲದಲ್ಲಿ ವೇಲ್ಸ್ ನಾಡಿಗೆಂದೇ ಪಾರ್ಲಿಮೆಂಟು ಮಾಡಿದ ಮೊದಲ ಕಾಯಿದೆಯದು. ವೇಲ್ಸ್ ಇಂಗ್ಲೆಂಡಿನ ಬಾಲವಲ್ಲ, ಬೇರೆಯದೇ ನಾಡು ಎಂಬುದನ್ನು ಕಾನೂನು ಒಪ್ಪಿಕೊಂಡದ್ದು ಹೆಂಡದಂಗಡಿಯ ಬಾಗಿಲಲ್ಲಿ! 1961ರ ಕಾಯಿದೆ ಈ ತೀರ್ಮಾನವನ್ನು ಆಯಾ ಸೀಮೆಯ ಮತದಾರರಿಗೆ ಬಿಟ್ಟಿತು. ಕೊನೆಯದಾಗಿ ಉಳಿದ ದುವಿವೋರ್ ಜಿಲ್ಲೆ 1996ರಲ್ಲಿ ಭಾನುವಾರವೂ ಬಾಗಿಲು ತೆರೆಯಲು ಒಪ್ಪಿತು. ಆದರೆ ದಿನನಿತ್ಯದ ಮನೆಗಳಲ್ಲಿ, ವೀರರ ಮೇದಿಗೂ ಸಂತನ ನೀರಿಗೂ ನಡುವೆ, ಜನ ಕುಡಿದದ್ದು ಮಜ್ಜಿಗೆ ಮತ್ತು ಚಹಾ.

ಇಷ್ಟನ್ನೆಲ್ಲ ನಾವು ಇಂದು ಹೇಳಬಲ್ಲೆವಾದರೆ ಅದಕ್ಕೆ ಬಹುಮಟ್ಟಿಗೆ ಕಾರಣಳಾದವಳು ಒಬ್ಬ ಮಹಿಳೆ. ಸೇಂಟ್ ಫೇಗನ್ಸ್ ಜಾನಪದ ವಸ್ತುಸಂಗ್ರಹಾಲಯದ ಮಿನ್ವೆಲ್ ಟಿಬಟ್ ಹಳ್ಳಿಹಳ್ಳಿಗೆ ಹೋಗಿ ಮುದುಕಿಯರನ್ನು ಮಾತನಾಡಿಸಿ, ಅವರ ಮಾತನ್ನು ಧ್ವನಿಮುದ್ರಿಸಿಕೊಂಡಳು. ಅಡುಗೆಯ ಪುಸ್ತಕ ನೋಡದೆ, ತಾಯಿಯ ಪಕ್ಕ ನಿಂತು ಕಲಿತಿದ್ದ ಹೆಂಗಸರು ಅವರು. ಆ ಸಂಗ್ರಹದ ಫಲವಾಗಿ ‘ವೆಲ್ಷ್ ಫೇರ್’ ಎಂಬ ಪುಸ್ತಕ 1976ರಲ್ಲಿ ಹೊರಬಂತು. ಒಂದೇ ಊಟಕ್ಕೆ ಈ ಕಣಿವೆಯಲ್ಲೊಂದು ಹೆಸರು, ಆ ಕಣಿವೆಯಲ್ಲೊಂದು ಹೆಸರು ಎಂಬುದನ್ನೂ ಅದು ಜೋಪಾನಮಾಡಿದೆ. ಆಕೆ ಇನ್ನೂ ಒಂದು ತಲೆಮಾರು ತಡಮಾಡಿದ್ದರೆ ಕೇಳಿಸಿಕೊಳ್ಳಲು ಆ ಧ್ವನಿಗಳಿರುತ್ತಿರಲಿಲ್ಲ.

ಅದೇಕೆ ಮುಖ್ಯವೆಂದು ಕೇಳಬಹುದು. 1901ರ ಜನಗಣತಿಯಲ್ಲಿ ವೇಲ್ಸಿನ ಸುಮಾರು ಅರ್ಧದಷ್ಟು ಜನ ವೆಲ್ಷ್ ಭಾಷೆ ಬಲ್ಲವರು. 2021ರ ಜನಗಣತಿಯಲ್ಲಿ ನೂರಕ್ಕೆ 17.8 ಮಂದಿ. ಕೌಲ್ ಮಾಡುವ ವಿಧಾನವನ್ನು ಯಾವ ಭಾಷೆಯಲ್ಲಿ ಬೇಕಾದರೂ ಬರೆದಿಡಬಹುದು, ರುಚಿಯೇನೂ ಕೆಡುವುದಿಲ್ಲ. ಆದರೆ ‘ಎರಡನೆಯ ಕಾವಿನ ಕೌಲ್’ ಎಂಬ ಮಾತು ಹೋದರೆ, ನಿನ್ನೆಯ ಊಟವನ್ನು ಇಂದಿನ ಸುಖವೆಂದು ಬಗೆದ ಮನೆಯವಳೊಬ್ಬಳು ಮರೆಯಾಗುತ್ತಾಳೆ. ‘ಕೌಸ್ ಪೊಬಿ’ ಹೋದರೆ ಉಳಿಯುವುದು ಮೊಲದ ಕುಚೋದ್ಯ ಮಾತ್ರ. ಇಂದು ಮಾರ್ಚ್ 1ರಂದು ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಕೌಲ್ ಬಡಿಸುತ್ತಾರೆ. ಮನೆಯಲ್ಲಿ ಇಂಗ್ಲಿಷನ್ನೇ ಆಡುವ ಮಕ್ಕಳೂ ಆ ದಿನ ಅದನ್ನು ಸೂಪ್ ಎನ್ನದೆ ಕೌಲ್ ಎಂದೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಬಟ್ಟಲಿನೊಂದಿಗೆ ಒಂದು ಪದವೂ ಅವರ ಕೈಗೆ ಬರುತ್ತದೆ.